ಸ್ಕ್ರೂಡ್ರೈವರ್‌ಗೆ ಬಗ್ಗುವ ದೋಷಕ್ಕಾಗಿ ಗಿಟಾರ್ ಬಿಡಬೇಡಿ

ನಿಮ್ಮ ಪೋಸ್ಟ್ ಓದಿ ಸುಮ್ಮನಿರಲಾಗಲಿಲ್ಲ. ಮೊದಲ ಗಿಟಾರ್‌ನ ನೆಕ್ (ಎಡಗೈ ಹಿಡಿಯುವ ಉದ್ದನೆಯ ಕುತ್ತಿಗೆ) ಕೈಗೆ ಹೇಳಿ ಮಾಡಿಸಿದಂತಿತ್ತು, ಆದರೆ ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ) ನೋಡಲು ಚೆನ್ನಾಗಿಲ್ಲ, ಬ್ರಿಡ್ಜ್ ಪಿಕಪ್ (ತಂತಿಗಳು ಬಾಡಿ ಮೇಲೆ ಕೂರುವ ಬ್ರಿಡ್ಜ್ ಪಕ್ಕದಲ್ಲಿ ಅವುಗಳ ಕಂಪನ ಹಿಡಿಯುವ ಭಾಗ) ಕಿರುಚುತ್ತದೆ, ನಾಬ್‌ಗಳು ಅಗ್ಗದ ಪ್ಲಾಸ್ಟಿಕ್, ಆದ್ದರಿಂದ ಬೇಡ ಎನ್ನುತ್ತೀರಿ. ಎರಡನೆಯದರ ನೆಕ್ 'ಸ್ವಲ್ಪ ದಪ್ಪ, ಅಭ್ಯಾಸವಾಗುತ್ತದೆ', ಕಡ್ಡಿಯಂಥ ಬಾರ್ ಒತ್ತಿ ಸ್ವರ ಬಾಗಿಸುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇದೆ, ಮೇಲಿನ ಫ್ಲೇಮ್ ಮೇಪಲ್ ಕಣ್ಣಿಗೆ ಹಬ್ಬ, ಆದ್ದರಿಂದ ಅದೇ ಇರಲಿ ಎನ್ನುತ್ತೀರಿ. ಇನ್ನೊಂದು ಸಾಲಿನಲ್ಲಿ, ಮನೆಯಲ್ಲಿ ಇರಲಿರುವುದು ಇದೊಂದೇ ಗಿಟಾರ್, ನುಡಿಸುವ ಹಾಡುಗಳಲ್ಲಿ ಅರ್ಧದಷ್ಟು ಡ್ರಾಪ್ ಡಿ (ಅತಿ ದಪ್ಪದ ಆರನೇ ತಂತಿಯನ್ನು ಮಾತ್ರ ಇ ಸ್ವರದಿಂದ ಡಿಗೆ ಇಳಿಸಿದ) ಶ್ರುತಿಯವು ಎಂದೂ ಬರೆದಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿದವನು, ಆ ಕಥೆ ಬೇಡ. ಲೆಕ್ಕ ಪೂರ್ತಿ ತಲೆಕೆಳಗಾಗಿದೆ ಎಂದಷ್ಟೇ ಹೇಳುತ್ತೇನೆ.

ಪಿಕಪ್, ನಾಬ್, ಟ್ಯೂನರ್, ನಟ್ (ನೆಕ್ ತುದಿಯಲ್ಲಿ ತಂತಿಗಳು ಹಾಯುವ ಗೀರಿನ ಪಟ್ಟಿ), ಸ್ವಿಚ್, ಜ್ಯಾಕ್ ಇವೆಲ್ಲ ಸ್ಕ್ರೂಡ್ರೈವರ್‌ಗೋ ಬೆಸುಗೆ ಕಡ್ಡಿಗೋ ಬಗ್ಗುವಂಥವು. ಇಂದು ಹಿಡಿಸದಿದ್ದರೆ ಮುಂದಿನ ವರ್ಷ ಬದಲಿಸಬಹುದು. ನೆಕ್‌ನ ದಪ್ಪ, ಅಗಲ, ಸ್ಕೇಲ್ ಉದ್ದ (ನಟ್ ಮತ್ತು ಬ್ರಿಡ್ಜ್ ನಡುವಿನ ತಂತಿಯ ಉದ್ದ), ನೆಕ್ ಬಾಡಿಗೆ ಸೇರುವ ಹೀಲ್‌ನ ಆಕಾರ, ಒಟ್ಟು ತೂಕ, ಬ್ರಿಡ್ಜ್‌ಗಾಗಿ ಮರದಲ್ಲಿ ಕೊರೆದ ಗುಂಡಿ ಇವು ಸುಲಭಕ್ಕೆ ಬಗ್ಗುವುದಿಲ್ಲ. ಗಿಟಾರ್ ಬೇಡ ಎನ್ನುವುದಿದ್ದರೆ ಇವುಗಳಿಗಾಗಿ ಎನ್ನಿ. ಈ ಗಿಟಾರ್ ಗುಂಪಿನಲ್ಲಿ ನೋಡುತ್ತಿರುತ್ತೇನೆ: ಹತ್ತರಲ್ಲಿ ಒಂಬತ್ತು ಮಂದಿ ಪಿಕಪ್ ಹೆಸರು ಕೇಳುತ್ತಾರೆ, ನಟ್ ಬಳಿ ನೆಕ್ ಅಗಲ ಎಷ್ಟು ಎಂದು ಕೇಳುವವರೇ ಇಲ್ಲ.

ಈ ಪಾಠವನ್ನು ಗಿಬ್ಸನ್ ಕಂಪನಿಯೇ ದುಬಾರಿಯಾಗಿ ಕಲಿಯಿತು. 2015ರಲ್ಲಿ ಅದರ ಹೆಚ್ಚಿನ ಮಾದರಿಗಳಿಗೆ ಹೆಡ್‌ಸ್ಟಾಕ್ ಹಿಂಬದಿಯಲ್ಲಿ ತಾನಾಗಿ ಶ್ರುತಿ ಮಾಡುವ ಮೋಟಾರ್ ಟ್ಯೂನರ್, ಎತ್ತರ ಬದಲಿಸಬಹುದಾದ ಹಿತ್ತಾಳೆಯ ನಟ್, ಮೊದಲಿಗಿಂತ ಅಗಲವಾದ ನೆಕ್ ಎಲ್ಲವೂ ಒಟ್ಟಿಗೆ ಬಂದವು. ವಾದಕರು ಮುಖ ತಿರುಗಿಸಿದರು. 2016ರಲ್ಲಿ ಕಂಪನಿ ಸಾಂಪ್ರದಾಯಿಕ ಸಾಲನ್ನೇ ಬೇರೆಯಾಗಿ, ಹಳೆಯ ಬಗೆಯ ಟ್ಯೂನರ್ ಮತ್ತು ನೆಕ್ ಜೊತೆ ತರಬೇಕಾಯಿತು. ಆಗ ಎಲ್ಲರೂ ಬೈದದ್ದು ಮೋಟಾರ್ ಟ್ಯೂನರನ್ನು. ಅದನ್ನು ಬಿಚ್ಚಿ ಸಾಮಾನ್ಯ ಟ್ಯೂನರ್ ಹಾಕಿಕೊಂಡವರು ಬೇಕಾದಷ್ಟು ಮಂದಿ. ಅಗಲವಾದ ನೆಕ್ಕನ್ನು ಯಾರು ಬಿಚ್ಚಲು ಸಾಧ್ಯ?

ಈಗ ನಿಮ್ಮ ಫ್ಲಾಯ್ಡ್ ರೋಸ್ ವಿಚಾರ. ಅದು ಕೆಟ್ಟದ್ದು ಎನ್ನುತ್ತಿಲ್ಲ. ಬಾರ್ ಹಿಡಿದು ತಂತಿಗಳನ್ನು ಸಡಿಲಾಗುವವರೆಗೆ ಒತ್ತಿ ಬಿಟ್ಟರೂ ಶ್ರುತಿಗೆ ಮರಳುವ ಬ್ರಿಡ್ಜ್ ಅದು. ಆದರೆ ಒಂದೇ ಗಿಟಾರ್ ಇಟ್ಟುಕೊಂಡು ಶ್ರುತಿ ಬದಲಿಸುವವರಿಗೆ ತೇಲುವ ಬ್ರಿಡ್ಜ್ ಎಂದರೆ ದಿನವೂ ಜಗಳ. ಅದು ತಕ್ಕಡಿಯಿದ್ದ ಹಾಗೆ: ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗ್‌ಗಳ ಎಳೆತ. ಆರನೇ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸಿದಿರಿ ಎನ್ನಿ, ತಂತಿಗಳ ಕಡೆ ಭಾರ ಕಡಿಮೆಯಾಗಿ ಸ್ಪ್ರಿಂಗ್ ಗೆಲ್ಲುತ್ತದೆ, ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಗಳ ಸ್ವರ ಮೇಲೇರುತ್ತದೆ. ಅವುಗಳನ್ನು ಇಳಿಸಿದರೆ ಆರನೆಯದು ಮತ್ತೆ ಕೆಡುತ್ತದೆ. ಅದಕ್ಕೂ ಮೊದಲು ತಂತಿಗಳನ್ನು ಕಚ್ಚಿ ಹಿಡಿಯುವ ಲಾಕಿಂಗ್ ನಟ್‌ನ ಮೂರು ತುಂಡುಗಳನ್ನು 3 ಮಿಲಿಮೀಟರ್ ಅಲೆನ್ ಕೀಲಿಯಿಂದ ಸಡಿಲಿಸಬೇಕು, ಏಕೆಂದರೆ ಬ್ರಿಡ್ಜ್ ಮೇಲಿನ ಫೈನ್ ಟ್ಯೂನರ್‌ಗಳಿಗೆ ಅಷ್ಟು ದೂರ ಹೋಗುವ ಶಕ್ತಿಯಿಲ್ಲ. ಹಾಡಿನ ನಡುವೆ ಒಂದು ತಂತಿ ತುಂಡಾದರಂತೂ ಮುಗಿಯಿತು, ಐದೂ ಅಪಶ್ರುತಿ. ತಂತಿಯ ಗೇಜ್ (ದಪ್ಪ) ಬದಲಿಸಿದರೂ ಸ್ಪ್ರಿಂಗ್ ಹೊಂದಿಸುವ ಕೆಲಸ ಮೊದಲಿನಿಂದ ಶುರು.

ಅದೇ ಗಿಟಾರ್ ಬೇಕು ಎಂದು ಹಟ ಹಿಡಿದರೆ, ಬಾರನ್ನು ಕೆಳಗೆ ಒತ್ತಬಹುದು ಆದರೆ ಮೇಲೆ ಎಳೆಯಲಾಗದು ಎನ್ನುವ ಸ್ಥಿತಿಗೆ ಬ್ರಿಡ್ಜನ್ನು ತಂದುಬಿಡಿ. ನಾನು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ, ಕೈಗೆ ಬಂದ ತೇಲುವ ಬ್ರಿಡ್ಜ್‌ಗಳಿಗೆಲ್ಲ. ಮೊದಲು ಬ್ರಿಡ್ಜ್ ಬಾಡಿಗೆ ಸಮಾನಾಂತರವಾಗಿ ನಿಲ್ಲುವಂತೆ ಸ್ಪ್ರಿಂಗ್ ಹೊಂದಿಸಿ ಪೂರ್ತಿ ಶ್ರುತಿ ಮಾಡಿ. ಹಿಂಬದಿಯ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳು ಸಿಕ್ಕಿಕೊಂಡಿರುವ ಲೋಹದ ಬ್ಲಾಕ್ ಕಾಣುತ್ತದೆ. ಅದಕ್ಕೂ ನೆಕ್ ಕಡೆಯ ಮರದ ಗೋಡೆಗೂ ನಡುವಿನ ಸಂದನ್ನು ಅಳೆದುಕೊಳ್ಳಿ. ಗಟ್ಟಿ ಮರದ ತುಂಡೊಂದನ್ನು ಅದೇ ದಪ್ಪಕ್ಕೆ ಉಜ್ಜಿ ತಯಾರಿಸಿ. ಬಾರನ್ನು ಒತ್ತಿದರೆ ಬ್ಲಾಕ್ ಬಾಡಿಯ ಹಿಂತುದಿಯ ಸ್ಟ್ರಾಪ್ ಬಟನ್ ಕಡೆಗೆ ಸರಿದು ಸಂದು ಅಗಲವಾಗುತ್ತದೆ. ಆಗ ತುಂಡನ್ನು ತೂರಿಸಿ ಬಾರ್ ಬಿಡಿ, ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಳಿಕ ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಬಿಗಿ ಮಾಡಿ, ಬ್ಲಾಕ್ ಮರಕ್ಕೆ ಒತ್ತಿಕೊಂಡು ನಿಲ್ಲಬೇಕು. ಇನ್ನು ತಂತಿ ತುಂಡಾದರೂ ಉಳಿದವು ಅಲುಗುವುದಿಲ್ಲ. ಆರನೇ ತಂತಿಗೆ ಡಿ-ಟ್ಯೂನಾ ಎಂಬ ಪುಟ್ಟ ಭಾಗ ಹಾಕಿಕೊಂಡರೆ ನಟ್ ಸಡಿಲಿಸದೆಯೇ ಒಂದೇ ಎಳೆತಕ್ಕೆ ಡ್ರಾಪ್ ಡಿ ಸಿಗುತ್ತದೆ. ತೇಲುವ ಬ್ರಿಡ್ಜ್ ಮೇಲೆ ಅದು ಕೆಲಸ ಮಾಡುವುದಿಲ್ಲ.

ಎಚ್ಚರಿಕೆಗಳೂ ಇವೆ. ಮೆದು ಮರ ಬೇಡ, ಒತ್ತಡಕ್ಕೆ ಕುಸಿದು ಶ್ರುತಿ ನಿಧಾನವಾಗಿ ಜಾರುತ್ತದೆ. ಅಂಟು ಹಾಕಬೇಡಿ, ಮುಂದೆ ಮಾರುವಾಗ ತೆಗೆಯಲು ಬರಬೇಕು. ಮಡಚಿದ ರಟ್ಟು ತುರುಕಿದವರನ್ನೂ ನೋಡಿದ್ದೇನೆ, ಅವರ ಬಗ್ಗೆ ಏನೂ ಹೇಳುವುದಿಲ್ಲ. ಬ್ರಿಡ್ಜ್ ಎತ್ತರ ಬದಲಿಸುವ ಎರಡು ಕಂಬಗಳನ್ನು ತಂತಿಗಳು ಬಿಗಿಯಾಗಿರುವಾಗ ತಿರುಗಿಸಬೇಡಿ, ಕಂಬಕ್ಕೆ ತಾಗುವ ಚೂಪು ಅಂಚು ಸವೆಯುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ಬರುವ ನಕಲುಗಳ ಅಂಚಿನ ಲೋಹ ಮೆದು, ಅವು ಬೇಗ ಸವೆದು ಬಾರ್ ಬಿಟ್ಟ ಮೇಲೆ ಮೂಲಸ್ಥಾನಕ್ಕೆ ಮರಳುವುದಿಲ್ಲ. ಫ್ಲಾಯ್ಡ್ ರೋಸ್ ಎಂದು ಬರೆದಿದೆಯೇ, 'ಪರವಾನಗಿ ಪಡೆದದ್ದು' ಎಂದು ಸಣ್ಣ ಅಕ್ಷರದಲ್ಲಿದೆಯೇ ಎಂದು ಕಣ್ಣಿಟ್ಟು ಓದಿ. 'ಪರವಾನಗಿ ಪಡೆದದ್ದು' ಎಂದಿದ್ದರೆ ನನ್ನ ಮಟ್ಟಿಗೆ ಅದು ಗಿಟಾರ್ ಬಿಡಲು ಸಾಕಾದ ಕಾರಣ. ಮುಂದೆ ಸ್ಥಿರ ಬ್ರಿಡ್ಜ್ ಹಾಕಿಕೊಳ್ಳುತ್ತೇನೆ ಎನ್ನಬೇಡಿ, ಅಲ್ಲಿ ಬಾಡಿಯ ಆಚೆ ಬದಿಯವರೆಗೂ ಮರ ಕೊರೆದಿರುತ್ತಾರೆ.

ನೆಕ್ 'ಸ್ವಲ್ಪ ದಪ್ಪ' ಎಂದಿರಲ್ಲ, ನನಗೆ ಹೆಚ್ಚು ಭಯವಾದದ್ದು ಅಲ್ಲಿ. ಅಂಗಡಿಯಲ್ಲಿ ಐದು ನಿಮಿಷ ಎರಡು ಮೂರು ತಂತಿಯ ಪವರ್ ಕಾರ್ಡ್ ಹಿಡಿದರೆ ಯಾವ ನೆಕ್ಕೂ ಸರಿಯೇ. ಮೊದಲ ಫ್ರೆಟ್ಟಿನಲ್ಲಿ (ನೆಕ್ ಮೇಲಿನ ಮೊದಲ ಲೋಹದ ಪಟ್ಟಿಯ ಬಳಿ) ತೋರುಬೆರಳಿಂದ ಆರೂ ತಂತಿ ಒತ್ತುವ ಎಫ್ ಬ್ಯಾರ್ ಹಿಡಿದು ನಾಲ್ಕು ನಿಮಿಷ ತಾಳ ಹಾಕಿ ನೋಡಿ, ಹೆಬ್ಬೆರಳ ಬುಡ ಏನು ಹೇಳುತ್ತದೋ ಅದೇ ತೀರ್ಪು. ಅಭ್ಯಾಸವಾಗುತ್ತದೆ ಎನ್ನುವುದು ಕೆಲವರಿಗೆ ನಿಜ, ದೊಡ್ಡ ಕೈಯವರಿಗೆ ದಪ್ಪ ನೆಕ್ಕೇ ಆರಾಮ ಎಂಬುದೂ ನಿಜ. ನಿಮಗೆ ಮೊದಲನೆಯದು ತಾನಾಗಿ ಕೂತಿದೆ ಎಂದಾದ ಮೇಲೆ ಅಭ್ಯಾಸದ ಮಾತೇಕೆ?

ಫ್ರೆಟ್‌ಬೋರ್ಡ್‌ನ ಬಾಗನ್ನೂ ನೋಡಿ. ಹಳೆಯ ಮಾದರಿಯ ಫೆಂಡರ್‌ಗಳಲ್ಲಿ ಅದರ ತ್ರಿಜ್ಯ 7.25 ಇಂಚು, ಎಂದರೆ ಹೆಚ್ಚು ದುಂಡು. ಈಗಿನವುಗಳಲ್ಲಿ ಸಾಮಾನ್ಯವಾಗಿ 9.5, ಗಿಬ್ಸನ್‌ನಲ್ಲಿ 12. ಇಬಾನೆಜ್‌ನ ತೆಳು ನೆಕ್‌ಗಳಲ್ಲಿ 400 ಮಿಲಿಮೀಟರ್, ಹೆಚ್ಚುಕಡಿಮೆ ಚಪ್ಪಟೆ. ದುಂಡು ಬೋರ್ಡಿನಲ್ಲಿ ಕಾರ್ಡ್ ಹಿಡಿಯುವುದು ಹಿತ, ಆದರೆ ಆ್ಯಕ್ಷನ್ (ಫ್ರೆಟ್ ಮೇಲಿಂದ ತಂತಿಯ ಎತ್ತರ) ತಗ್ಗಿಸಿ ಮೇಲಿನ ಫ್ರೆಟ್‌ಗಳಲ್ಲಿ ಪೂರ್ಣ ಸ್ವರ ಬೆಂಡ್ ಮಾಡಿದರೆ (ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರ ಏರಿಸಿದರೆ) ತಂತಿ ಮುಂದಿನ ಫ್ರೆಟ್‌ಗೆ ತಾಗಿ ಸದ್ದೇ ಸತ್ತುಹೋಗುತ್ತದೆ. ಬಿ ಮತ್ತು ಮೇಲಿನ ಇ ತಂತಿಗಳನ್ನು 12ರಿಂದ 17ನೇ ಫ್ರೆಟ್‌ವರೆಗೆ ಒಂದೊಂದಾಗಿ ಬೆಂಡ್ ಮಾಡಿ ಪರೀಕ್ಷಿಸಿ.

ಸ್ಕೇಲ್ ಉದ್ದಕ್ಕೆ ಅಷ್ಟು ಹೆದರಬೇಕಾಗಿಲ್ಲ. 25.5 ಇಂಚಿನ ಮೇಲೆ ಬಿಗಿ ಎನಿಸಿದರೆ ಒಂದು ಗೇಜ್ ಸಣ್ಣ ತಂತಿ ಹಾಕಿ, 24.75 ಇಂಚಿನ ಸಡಿಲು ಹತ್ತಿರಕ್ಕೆ ಬರುತ್ತದೆ. ಬೆರಳುಗಳ ನಡುವಿನ ದೂರ ಮಾತ್ರ ಬದಲಾಗುವುದಿಲ್ಲ, ನೆನಪಿರಲಿ.

ತೂಕದ ವಿಚಾರದಲ್ಲಿ ಕುಳಿತು ನುಡಿಸಿ ತೀರ್ಮಾನಿಸುವವರನ್ನು ಕಂಡರೆ ಕೋಪ ಬರುತ್ತದೆ. ನಾಲ್ಕು ಕಿಲೋ ದಾಟಿದ ಗಿಬ್ಸನ್ ಲೆಸ್ ಪಾಲ್ ತೊಡೆಯ ಮೇಲೆ ಹೂವಿನಷ್ಟು ಹಗುರ. ಸ್ಟ್ರಾಪ್ ಹಾಕಿ ಅರ್ಧ ಗಂಟೆ ನಿಂತ ಮೇಲೆ ಭುಜ ಮಾತನಾಡುತ್ತದೆ. ಎಸ್‌ಜಿಯದು (ಅದೂ ಗಿಬ್ಸನ್ ಮಾದರಿಯೇ) ಇನ್ನೊಂದು ರೋಗ: ತೂಕ ಕಡಿಮೆ, ಆದರೆ ಕೈ ಬಿಟ್ಟ ಕೂಡಲೇ ನೆಕ್ ನೆಲದ ಕಡೆ ವಾಲುತ್ತದೆ. ಒಳಬದಿ ಒರಟಾದ ಅಗಲ ಚರ್ಮದ ಸ್ಟ್ರಾಪ್ ಹಾಕಿದರೆ ಮುಕ್ಕಾಲು ಪಾಲು ನಿಲ್ಲುತ್ತದೆ, ಪೂರ್ತಿ ಅಲ್ಲ. ಎಡಗೈ ನೆಕ್ ಹೊರುವ ಕೆಲಸ ಮಾಡುತ್ತಿದ್ದರೆ ನುಡಿಸುವುದು ಯಾವಾಗ?

ಇನ್ನು ಬಗ್ಗುವಂಥವು. ನೆಕ್ ಹಿಂಬದಿಯ ಹೊಳಪು ಅಂಗೈಗೆ ಅಂಟುತ್ತದೆ ಎಂದು ಗಿಟಾರ್ ಬಿಟ್ಟವರಿದ್ದಾರೆ. ನಾಲ್ಕು ಸೊನ್ನೆಯ ನಯವಾದ ಸ್ಟೀಲ್ ವುಲ್‌ನಿಂದ ಉದ್ದುದ್ದ ಉಜ್ಜಿದರೆ ಹೊಳಪು ಹೋಗಿ ಕೈ ಜಾರುತ್ತದೆ. ಪಿಕಪ್‌ಗಳನ್ನು ಟೇಪ್‌ನಿಂದ ಮುಚ್ಚಿಯೇ ಉಜ್ಜಿ, ಇಲ್ಲದಿದ್ದರೆ ಕಬ್ಬಿಣದ ಪುಡಿಯೆಲ್ಲ ಅಯಸ್ಕಾಂತಕ್ಕೆ ಕಚ್ಚಿಕೊಂಡು ಜನ್ಮಕ್ಕೂ ಬಿಡದು. ನೈಟ್ರೋ (ನೈಟ್ರೋಸೆಲ್ಯುಲೋಸ್) ಲೇಪನದ ಗಿಟಾರನ್ನು ರಬ್ಬರ್ ಹಿಡಿಕೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ, ಲೇಪನ ಕರಗಿ ಕಲೆಯಾಗುತ್ತದೆ. ಸ್ಟ್ರಾಟ್‌ನ (ಫೆಂಡರ್ ಸ್ಟ್ರಾಟೊಕಾಸ್ಟರ್) ವಾಲ್ಯೂಮ್ ನಾಬ್ ಕಿರುಬೆರಳಿಗೆ ತಗುಲಿ ಸದ್ದು ಇಳಿಯುತ್ತದೆ ಎಂಬ ದೂರು ಮುಗಿಯುವುದೇ ಇಲ್ಲ. ನಾಬ್ ಕಿತ್ತು ಬರೀ ಕಂಬ ಬಿಟ್ಟುಕೊಂಡವರೂ ಇದ್ದಾರೆ, ಅದೇ ನಾಬನ್ನು ಕಿರುಬೆರಳಿನಲ್ಲಿ ತಿರುಗಿಸಿ ಸ್ವರವನ್ನು ಅರಳಿಸುವವರೂ ಇದ್ದಾರೆ. 1958ರಲ್ಲಿ ಬಂದ ಫೆಂಡರ್ ಜಾಜ್‌ಮಾಸ್ಟರ್‌ನ ಮೇಲ್ಭಾಗದ ಸ್ವಿಚ್ಚಿಗೆ ಕೈ ತಗುಲಿ ಧ್ವನಿ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಅದಕ್ಕೆ ಒಂದು ಚೂರು ಟೇಪ್ ಸಾಕು.

ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್ ಗುಂಯ್‌ಗುಟ್ಟುತ್ತದೆ, ಅದು ಅದರ ಹುಟ್ಟುಗುಣ. ಐದು ಸ್ಥಾನದ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಆ ಸದ್ದು ನಿಲ್ಲುತ್ತದೆಯೇ ನೋಡಿ. ನಿಂತರೆ ನಡುವಿನ ಪಿಕಪ್ ತಿರುಗುಮುರುಗಾಗಿ ಸುತ್ತಿದ್ದು ಎಂದರ್ಥ.

ಆ್ಯಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ ಇದ್ದರೆ 9 ವೋಲ್ಟ್ ಬ್ಯಾಟರಿ ಎಲ್ಲಿದೆ ಎಂದು ಕೇಳಿ. ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸಬೇಕಾದ ವಿನ್ಯಾಸ ಮಾಡಿದವರು ಎಂದೂ ವೇದಿಕೆ ಹತ್ತಿರಲಿಕ್ಕಿಲ್ಲ. ಕೇಬಲ್ ಚುಚ್ಚಿಟ್ಟರೆ ರಾತ್ರಿಯಿಡೀ ಬ್ಯಾಟರಿ ಖರ್ಚಾಗುತ್ತದೆ. ಪ್ಯಾಸಿವ್‌ಗೆ ಬದಲಿಸುತ್ತೇನೆ ಎನ್ನುವವರು ಪಿಕಪ್ ಮಾತ್ರವಲ್ಲ, ನಾಬ್‌ಗಳ ಕೆಳಗಿನ 25 ಕಿಲೋ ಓಮ್‌ನ ಪಾಟ್‌ಗಳನ್ನೂ (ರೋಧ ಹೊಂದಿಸುವ ಭಾಗ) ತೆಗೆದು 250 ಅಥವಾ 500 ಕಿಲೋ ಓಮ್‌ನವನ್ನು ಹಾಕಬೇಕು. ಇದನ್ನು ಮರೆತು ಪಿಕಪ್ ಸತ್ತಿದೆ ಎಂದು ಅಳುವ ಪೋಸ್ಟ್‌ಗಳು ಈ ಗುಂಪಿನಲ್ಲೇ ಇವೆ.

ನಿಮ್ಮ ಮೊದಲ ಗಿಟಾರ್‌ನ ಬ್ರಿಡ್ಜ್ ಪಿಕಪ್ ಕಿರುಚುತ್ತದೆ ಎಂದಿರಿ. ಬದಲಿಸುವ ಮೊದಲು ಅದರ ಎತ್ತರ ಇಳಿಸಿ, ಮೇಲಿನ ಇ ತಂತಿಯ ಕಡೆ ತುಸು ಹೆಚ್ಚು. ಆಂಪ್‌ನ (ಆಂಪ್ಲಿಫೈಯರ್) ಟ್ರೆಬಲ್ ನಾಬ್ ಎಲ್ಲಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ. ಅಂಗಡಿಯ ಆಂಪ್‌ನಲ್ಲಿ ಹಿಂದಿನ ಗಿರಾಕಿ ಬಿಟ್ಟುಹೋದ ನಾಬ್‌ಗಳೇ ಇರುತ್ತವೆ.

ಮೊದಲನೆಯದನ್ನು ಮತ್ತೊಮ್ಮೆ ನೋಡಲು ಹೋದಾಗ ಸ್ವಂತ ಸ್ಟ್ರಾಪ್, ಒಂದು ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಸಣ್ಣ ಉಕ್ಕಿನ ಅಳತೆಪಟ್ಟಿ ಒಯ್ಯಿರಿ. ಆಂಪ್ ಹಾಕದೆಯೇ ನುಡಿಸಿ. ಕೇಪೊ ಮೊದಲ ಫ್ರೆಟ್‌ಗೆ ಹಾಕಿ, ಆರನೇ ತಂತಿಯನ್ನು ನೆಕ್ ಬಾಡಿಗೆ ಸೇರುವಲ್ಲಿ ಒತ್ತಿ, ಏಳು ಎಂಟನೇ ಫ್ರೆಟ್ ಬಳಿ ಸಂದು ನೋಡಿ. ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಸರಿ, ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಬಾಗು ಸರಿಪಡಿಸುವ ಒಳಗಿನ ಸರಳು) ಇನ್ನೂ ತಿರುಗುತ್ತದೆಯೇ ಎಂದು ಅವರಿಂದಲೇ ತಿರುಗಿಸಿ ತೋರಿಸಲು ಹೇಳಿ. ತಿರುಗದಿದ್ದರೆ ಅಥವಾ ನೆಕ್ ತಿರುಚಿಕೊಂಡಿದ್ದರೆ ಮುಟ್ಟಬೇಡಿ. ಬೋರ್ಡಿನ ಅಂಚಿನಲ್ಲಿ ಬೆರಳಾಡಿಸಿದಾಗ ಫ್ರೆಟ್ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ, ಅರದಿಂದ ಸರಿಯಾಗುತ್ತದೆ. ಹಳೆಯ ಗಿಟಾರ್ ಆಗಿದ್ದರೆ ನಟ್ ಹಿಂಭಾಗದಲ್ಲಿ ಕೂದಲಿನಂಥ ಬಿರುಕು ಇದೆಯೇ ನೋಡಿ, ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವ ಮಾದರಿಗಳು ಬಿದ್ದಾಗ ಮುರಿಯುವುದು ಅಲ್ಲೇ. ಜಿ ತಂತಿ ಶ್ರುತಿ ಮಾಡುವಾಗ ಟಿಣ್ ಎಂದರೆ ನಟ್‌ನ ಗೀರಿನಲ್ಲಿ ಪೆನ್ಸಿಲ್ ಸೀಸ ಉಜ್ಜಿ, ಅದಕ್ಕೆ ಹೊಸ ಟ್ಯೂನರ್ ಕೊಳ್ಳುವುದು ದುಂದು.

ಹೆಡ್‌ಸ್ಟಾಕ್ ಆಕಾರದ ಬಗ್ಗೆ ನನ್ನಲ್ಲಿ ಔಷಧವಿಲ್ಲ. ನುಡಿಸುವಾಗ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಎದುರಿಗೆ ಕುಳಿತವರಿಗೆ ಬೀಳುತ್ತದೆ. ಅಷ್ಟಾದರೂ ಸಹಿಸಲಾಗದಿದ್ದರೆ ಮೂರನೆಯದೊಂದನ್ನು ಹುಡುಕಿ, ಎರಡನೆಯದನ್ನು ಮಾತ್ರ ತರಬೇಡಿ. ತಂದೇ ಬಿಟ್ಟಿದ್ದರೆ ಹಿಂಬದಿಯ ಮುಚ್ಚಳ ತೆಗೆದು ಒಂದು ಫೋಟೊ ಹಾಕಿ, ತುಂಡನ್ನು ಯಾವ ಕಡೆ ಕೂರಿಸಬೇಕೆಂದು ಗುರುತು ಹಾಕಿ ಕಳುಹಿಸುತ್ತೇನೆ.