ಪಿಜಿಗೆ ಪೂರ್ತಿ ಆಧಾರ್ ಕೊಡಲೇಬೇಕಾ?

ಪ್ರಶ್ನೆ: ಸರ್, ಬಿಟಿಎಂ ಲೇಔಟ್‌ನಲ್ಲಿ ಪಿಜಿ ಹುಡುಕುತ್ತಿದ್ದೇನೆ. ಹೋದಲ್ಲೆಲ್ಲಾ ಆಧಾರ್ ಫೋಟೋ ವಾಟ್ಸಾಪ್ ಮಾಡಿ ಅಂತಾರೆ. ಬೇರೆ ದಾರಿ ಇಲ್ವಾ?
– ಓದುಗಿ, ಬೆಂಗಳೂರು

ಉತ್ತರ: ಇದೆಯಮ್ಮಾ. ಪೂರ್ತಿ ಕಾರ್ಡಿನ ಫೋಟೋ ಸುಮ್ನೆ ಕಳಿಸಬೇಡಿ. ಮೈಆಧಾರ್ ವೆಬ್‌ಸೈಟ್‌ನಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್ ಆಧಾರ್’ಗೆ ಟಿಕ್ ಹಾಕಿ. ನಂಬರಿನ ಮೊದಲ 8 ಅಂಕಿ ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಪಿಜಿಯವರಿಗೆ ಅಷ್ಟು ಸಾಕು.

ಆದರೆ ವಿಳಾಸ, ಹುಟ್ಟಿದ ದಿನ ಅದರಲ್ಲೂ ಹೋಗುತ್ತವೆ. ಅದೇ ನನಗೆ ಬೇಸರ. 18 ತುಂಬಿದೆಯಾ ಅಂತ ಯಾವುದೋ ಆ್ಯಪ್ ಕೇಳಿದರೆ ‘ಹೌದು’ ಅನ್ನೋ ಉತ್ತರವಷ್ಟೇ, ಕಾರ್ಡ್ ನೀಡಿದ ಸಂಸ್ಥೆಯ ಡಿಜಿಟಲ್ ಸಹಿಯ ಬಲದ ಮೇಲೆ ಹೋಗಬೇಕು, ಹುಟ್ಟಿದ ತಾರೀಕು ನಮ್ಮ ಫೋನಿನಲ್ಲೇ ಉಳಿಯಬೇಕು, ಅಲ್ವಾ? ಇದು ಕನಸಲ್ಲ. ಇಂಥ ಡಿಜಿಟಲ್ ದಾಖಲೆಗಳಿಗೆ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2025ರಲ್ಲಿ ‘ವೆರಿಫೈಯಬಲ್ ಕ್ರೆಡೆನ್ಷಿಯಲ್ಸ್ 2.0’ ಅನ್ನೋ ಮಾನದಂಡವನ್ನೇ ತಂದಿದೆ. ನಮ್ಮಲ್ಲೂ ಎಲ್ಲ ಕಡೆ ಇದು ಬೇಗ ಬರಬೇಕು.

ಇನ್ನೊಂದು ಮಾತು. ಆನ್‌ಲೈನ್ ಕೆವೈಸಿಗೆ ಆಧಾರ್ ನಂಬರ್ ಕೇಳಿದರೆ 16 ಅಂಕಿಯ ವರ್ಚುವಲ್ ಐಡಿ ಕೊಡಬಹುದು. ಅದರಿಂದ ನಿಮ್ಮ ಅಸಲಿ ನಂಬರ್ ಕಂಡುಹಿಡಿಯಲು ಆಗಲ್ಲ. ಹೊಸದು ಮಾಡಿಕೊಂಡರೆ ಹಳೆಯದು ನಡೆಯೋದಿಲ್ಲ.