ಓರೆ ಕವಚದ ಲೆಕ್ಕ

ಪ್ರಶ್ನೆ: ಎರಡನೇ ಮಹಾಯುದ್ಧದ ಸೋವಿಯತ್ ಟಿ-34 ಟ್ಯಾಂಕಿನ ಮುಂಭಾಗದ ಉಕ್ಕು ಬರೀ 45 ಮಿ.ಮೀ. ದಪ್ಪ. ಓರೆಯಾಗಿದ್ದುದರಿಂದ 90ಕ್ಕೆ ಸಮ ಎನ್ನುತ್ತಾರೆ. ಹಾಗಾದರೆ ಅರ್ಧ ತೂಕ ಉಳಿಯಿತಲ್ಲವೇ?

ಉತ್ತರ: ಉಳಿಯಲಿಲ್ಲ. 90ರ ಲೆಕ್ಕವೇನೋ ಸರಿ. ಫಲಕ ಲಂಬದಿಂದ 60 ಡಿಗ್ರಿ ಹಿಂದಕ್ಕೆ ವಾಲಿದೆ. 60ರ ಕೊಸೈನ್ 0.5, ಅದರಿಂದ 45ನ್ನು ಭಾಗಿಸಿದರೆ ನೇರವಾಗಿ ಬರುವ ಗುಂಡು ಕೊರೆಯಬೇಕಾದ ದಾರಿ 90. ಆದರೆ ಅಷ್ಟೇ ಎತ್ತರವನ್ನು ಮುಚ್ಚಲು ಓರೆ ಫಲಕ ಎರಡು ಪಟ್ಟು ಉದ್ದ ಬೇಕು. ತೂಕ ಅಲ್ಲಿಗಲ್ಲಿಗೆ ಸರಿಹೋಯಿತು, ಮೇಲಾಗಿ ಒಳಗಿನ ಜಾಗವೂ ಹೋಯಿತು.

ನಿಜವಾದ ಲಾಭ ಗುಂಡು ಜಾರುವುದರಲ್ಲಿದೆ. ಓರೆಗೆ ಬಡಿದಾಗ ಮೂತಿಯ ಒಂದೇ ಮಗ್ಗುಲಿಗೆ ಪೆಟ್ಟು ಬೀಳುತ್ತದೆ. ಗುಂಡು ತಿರುಗಿ ಮೇಲಕ್ಕೆ ಹಾರುತ್ತದೆ, ಇಲ್ಲವೇ ಮೂತಿ ಮುರಿಯುತ್ತದೆ. ಚೂಪು ಮೂತಿಗೆ ಈ ಕಾಟ ಹೆಚ್ಚು. ಸೋವಿಯತ್ತರ 122 ಮಿ.ಮೀ. ಮೊಂಡು ಮೂತಿಯ ಗುಂಡು ಓರೆ ಕವಚವನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತಿತ್ತು. ಗುಂಡಿನ ವ್ಯಾಸ ಫಲಕದ ದಪ್ಪವನ್ನು ತೀರಾ ಮೀರಿದರೂ ಲಾಭ ಕರಗುತ್ತದೆ. ಟಿ-34ರ 45 ಮಿ.ಮೀ. ಮೇಲೆ 37 ಮಿ.ಮೀ. ಗುಂಡು ಜಾರಿಹೋಗುತ್ತಿತ್ತು, 88 ಮಿ.ಮೀ. ಗುಂಡಿನೆದುರು ಅದೇ ಓರೆ ಅಷ್ಟಾಗಿ ಕೈಹಿಡಿಯಲಿಲ್ಲ.

ಲೆಕ್ಕ ಹಾಕುವಾಗ ಕೋನವನ್ನು ಎಲ್ಲಿಂದ ಅಳೆದಿದ್ದಾರೆ ನೋಡಿ. ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮುಂಭಾಗದ 80 ಮಿ.ಮೀ. ಫಲಕಕ್ಕೆ ಲಂಬದಿಂದ 55 ಡಿಗ್ರಿ, ನೆಲಮಟ್ಟದಿಂದ 35. ತಪ್ಪಿ 35ರ ಕೊಸೈನ್ ಹಿಡಿದರೆ 140 ಬರಬೇಕಾದಲ್ಲಿ 98 ಬರುತ್ತದೆ.

ಪ್ರಶ್ನೆ: ಜರ್ಮನಿಯ ಟೈಗರ್ ಟ್ಯಾಂಕನ್ನು ಶತ್ರುವಿಗೆ ಓರೆಯಾಗಿ ನಿಲ್ಲಿಸುತ್ತಿದ್ದರಂತೆ. ಆಗ ತೆಳ್ಳಗಿನ ಪಕ್ಕ ಬಯಲಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಹಾಗಾಗಿಯೇ ಎಷ್ಟು ತಿರುಗಿಸಬೇಕು ಎಂಬುದು ಮುಖ್ಯ. ಮುಂಭಾಗ 100 ಮಿ.ಮೀ., ಹೆಚ್ಚುಕಡಿಮೆ ನೆಟ್ಟಗೆ, ಮೇಲುಪಕ್ಕ 80. ಸುಮಾರು 39 ಡಿಗ್ರಿ ತಿರುಗಿಸಿದರೆ ಎರಡೂ 128ಕ್ಕೆ ಸಮನಾಗುತ್ತವೆ. ಕಾಗದದ ಮೇಲೆ ಇದೇ ಉತ್ತಮ. ಆದರೆ ಚಕ್ರಗಳ ಹಿಂದಿನ ಕೆಳಪಕ್ಕ 60 ಮಾತ್ರ, ಅಲ್ಲಿ ಸಿಗುವುದು 95. 30 ಡಿಗ್ರಿಗೆ ನಿಲ್ಲಿಸಿದರೆ ಮುಂಭಾಗ 115, ಮೇಲುಪಕ್ಕ 160, ಕೆಳಪಕ್ಕ 120. ನಮ್ಮ ಮತ ಇದಕ್ಕೇ. ಶತ್ರು ಎರಡು ದಿಕ್ಕಿನಲ್ಲಿದ್ದರೆ ಮಾತ್ರ ಯಾವ ಕೋನವೂ ಕಾಯದು.

ಪ್ರಶ್ನೆ: ಇಂದಿನ ಟ್ಯಾಂಕುಗಳಿಗೂ ಇದು ಅನ್ವಯಿಸುತ್ತದೆಯೇ?

ಉತ್ತರ: ದಪ್ಪದ ಲೆಕ್ಕ ಹೌದು, ಜಾರುವಿಕೆ ಬಹುಮಟ್ಟಿಗೆ ಇಲ್ಲ. ನಮ್ಮ ಸೇನೆಯ ಟಿ-72 ಅಜೇಯದ ಮುಂಭಾಗದ ಮೇಲಿನ ಫಲಕ ಲಂಬದಿಂದ 68 ಡಿಗ್ರಿ ವಾಲಿದೆ, ಅಂದರೆ ದಪ್ಪದ 2.67 ಪಟ್ಟು ದಾರಿ. ಆದರೆ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬರುವ ಇಂದಿನ ಗುಂಡು, ಅಂದರೆ ಟಂಗ್‌ಸ್ಟನ್ ಲೋಹದ ಉದ್ದ ಸರಳು, ಅದರ ತುದಿ ತಾನೂ ಸವೆಯುತ್ತ ಉಕ್ಕನ್ನು ಕೊರೆಯುತ್ತದೆ. ಅದು ಜಾರಬೇಕಾದರೆ ಇನ್ನೂ ತೀರಾ ಓರೆಯಾಗಿ ಸವರಿಕೊಂಡು ಹೋಗಬೇಕು.