ಗ್ರೈಂಡರ್ ಹಾಕಿದ ತಕ್ಷಣ ಎಂಸಿಬಿ ಬೀಳುತ್ತೆ, ದೊಡ್ಡದು ಹಾಕಿಸಿದರೆ ಸಾಕಾ?

ವಿಜಯಪುರದಲ್ಲಿ ಸಣ್ಣ ಖಾನಾವಳಿ, ಸಿಂಗಲ್ ಫೇಸ್, 32 ಆಂಪ್ ಮೇನ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್). ಇಂಡಕ್ಷನ್ ಒಲೆ, ಗೀಸರ್ ಓಡುವಾಗ ಗ್ರೈಂಡರ್ ಹಾಕಿದರೆ ಕರೆಂಟ್ ಹೋಗುತ್ತೆ, 40ರದ್ದು ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ್ರಿ. ಎಂಸಿಬಿ ಇರುವುದೇ ವೈರ್ ಕಾಯುವುದಕ್ಕೆ. ಹಳೇ ವೈರ್ ಹಾಗೇ ಬಿಟ್ಟು ಅದೊಂದನ್ನೇ ದೊಡ್ಡದು ಮಾಡಿದರೆ ಮುಂದೆ ಎಂಸಿಬಿ ಬೀಳಲ್ಲ, ಗೋಡೆಯೊಳಗೆ ವೈರ್ ಸುಡುತ್ತೆ.

ಲೆಕ್ಕ ಸುಲಭ, ವ್ಯಾಟನ್ನು 230ರಿಂದ ಭಾಗಿಸಿ. 3500 ವ್ಯಾಟಿನ ಇಂಡಕ್ಷನ್‌ಗೆ 15 ಆಂಪ್, 2000ದ ಗೀಸರ್‌ಗೆ ಸುಮಾರು 9. ಅಲ್ಲಿಗೇ 24 ಆಯ್ತು, ಫ್ರಿಜ್ಜು ಫ್ಯಾನು ಬೇರೆ. 1 ಎಚ್‌ಪಿ ಗ್ರೈಂಡರ್ ಓಡುವಾಗ ಐದಾರು ಆಂಪ್ ಅಷ್ಟೇ, ಆದರೆ ಶುರುವಾಗುವ ಆ ಒಂದು ಕ್ಷಣ ಅದರ ಐದಾರು ಪಟ್ಟು ಎಳೆಯುತ್ತೆ, ಎಂಸಿಬಿ ಬೀಳೋಕೆ ಅದೂ ಒಂದು ಕಾರಣ. ಅಕ್ಕಿ ತುಂಬಿಟ್ಟು ಸ್ವಿಚ್ ಒತ್ತಬೇಡಿ, ಖಾಲಿ ಕಲ್ಲು ತಿರುಗಿದ ಮೇಲೆ ಹಾಕಿ.

ಸದ್ಯಕ್ಕೆ ಗೀಸರ್ ಬೆಳಿಗ್ಗೆ ಬೇಗ ಮುಗಿಸಿ, ಹಿಟ್ಟು ರಾತ್ರಿಯೇ ರುಬ್ಬಿಕೊಳ್ಳಿ. ಇಂಡಕ್ಷನ್‌ಗೆ ಬೋರ್ಡಿನಿಂದಲೇ 4 ಚದರ ಎಂಎಂ ತಾಮ್ರದ ವೈರ್ ಬೇರೆ ಎಳೆಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ; ನಮ್ಮ ಅಡುಗೆಮನೆಯಲ್ಲಿ ಒಂದು ಹಾಗೇ ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗಿ, ಪ್ಲಗ್ ಕಿತ್ತರೆ ಪಿನ್ನಿಗೆ ಕರಗಿದ ಪ್ಲಾಸ್ಟಿಕ್ ಅಂಟಿಕೊಂಡು ಬಂದಿತ್ತು. ನೆಲ ಸದಾ ಒದ್ದೆ ಅಲ್ವಾ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಪ್ಲೈ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಇನ್ನೂ ಮಷೀನ್ ತರೋ ಯೋಚನೆ ಇದ್ದರೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆ ನೋಡಿ, ಹೆಸ್ಕಾಂನಲ್ಲಿ ಹೆಚ್ಚಿಸಿಕೊಂಡು ತ್ರೀ ಫೇಸ್ ತಗೊಳ್ಳಿ. ಆಗ ಒಲೆ ಒಂದು ಫೇಸ್‌ಗೆ, ಗೀಸರ್ ಇನ್ನೊಂದಕ್ಕೆ, ಗ್ರೈಂಡರ್ ಮೂರನೇದಕ್ಕೆ.